ಹಿಂದಿನ ಅಚ್ಚಿನ ಹಲ್ಲು ಮುರಿದಾಗ

ತಂದೆಯ ಕಾಲದ ಮೋಟಾರುಗಾಡಿಯನ್ನು ಇನ್ನೂ ಮನೆಯ ಮುಂದೆ ಉಳಿಸಿಕೊಂಡಿರುವ ಗೃಹಸ್ಥರು ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಇಲ್ಲದಿಲ್ಲ. ಕಬ್ಬಿನ ಹಣ ಕೈಸೇರಿದ ವರ್ಷ ಕೊಂಡ ಅಂಬಾಸಿಡರೋ, ಮಗಳ ಮದುವೆಯ ಓಡಾಟಕ್ಕೆಂದು ತಂದ ಫಿಯಟ್ಟೋ ಆಗಿರುವ ಆ ಗಾಡಿಯನ್ನು ಮಾರಲು ಅವರಿಗೆ ಮನಸ್ಸು ಬರುವುದಿಲ್ಲ. ಅದರ ಎಂಜಿನ್ನಿನ ಕೆಮ್ಮುಸೀನುಗಳನ್ನು ಅವರು ಬಲ್ಲರು. ಬ್ಯಾಟರಿಯ ಬಡತನವನ್ನೂ ಬಲ್ಲರು. ಆದರೆ ಎರಡು ಹಿಂಗಾಲಿಗಳ ನಡುವೆ, ಗಾಡಿಯ ಹೊಟ್ಟೆಯ ಕೆಳಗೆ, ಕೆಸರು ಮೆತ್ತಿಕೊಂಡಿರುವ ಆ ಗುಂಡನೆಯ ಕಬ್ಬಿಣದ ಬುರುಡೆಯೊಳಗೆ ಏನಿದೆಯೆಂಬುದನ್ನು ತಿಳಿದವರು ಕಡಮೆ. ಅದು ಸದ್ದಿಲ್ಲದೆ ದುಡಿಯುವವರೆಗೆ ಅದರ ನೆನಪು ಯಾರಿಗೂ ಬಾರದು. ಮುರಿದ ದಿನ ಮಾತ್ರ ಅದರ ಹೆಸರು ಎಲ್ಲರ ಬಾಯಲ್ಲಿಯೂ ಬರುವುದು. ಡಿಫರೆನ್ಷಿಯಲ್ ಎಂಬ ಈ ಹಲ್ಲುಚಕ್ರಗಳ ಸಮೂಹದ ವಿಚಾರವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ.

ಪ್ರಸಂಗವೊಂದನ್ನು ವಾಚಕರು ಊಹಿಸಿಕೊಳ್ಳಲಿ. ಮಳೆಗಾಲದಲ್ಲಿ ಶಿವನಸಮುದ್ರದ ಜಲಪಾತವನ್ನು ನೋಡಬೇಕೆಂದು ಮಂಡ್ಯದ ಒಂದು ಸಂಸಾರವು ಹಳೆಯ ಗಾಡಿಯಲ್ಲಿ ಹೊರಟಿದೆ. ಮದ್ದೂರಿನಲ್ಲಿ ವಡೆ, ಕಾಫಿಗಳಾಗಿ, ಮಳವಳ್ಳಿಯ ದಾರಿ ಹಿಡಿದು, ಭಾರತೀನಗರವನ್ನು ದಾಟಿದ ಮೇಲೆ ಹಿಂದುಗಡೆಯಿಂದ ‘ಕಟಕಟ’ ಎಂಬ ಶಬ್ದ ಕೇಳಿಬರುವುದು. ಸ್ವಲ್ಪ ದೂರ ಹೋಗುವುದರೊಳಗೆ ಒಂದು ದೊಡ್ಡ ಏಟು ಬಿದ್ದಂತಾಗಿ, ಎಂಜಿನ್ನು ಓಡುತ್ತಿದ್ದರೂ ಗಾಡಿ ಮುಂದೆ ಸಾಗದು. ದಾರಿಹೋಕರು ನಾಲ್ಕು ಜನ ಕೂಡುವರು. ಒಬ್ಬನು ‘ಕ್ರೌನು ಹೋಯಿತು’ ಎನ್ನುವನು; ಇನ್ನೊಬ್ಬನು ‘ಮಾರಿಬಿಡಿ ಸ್ವಾಮಿ’ ಎನ್ನುವನು; ಮತ್ತೊಬ್ಬನಿಗೆ ಬೆಸುಗೆ ಹಾಕುವವನ ಅಂಗಡಿ ಗೊತ್ತಿರುವುದು. ಇಂತಹ ಹೊತ್ತಿನಲ್ಲಿ ಯಜಮಾನನು ಏನು ನಿಶ್ಚಯಿಸುವನೆಂಬುದರ ಮೇಲೆ ಅವನ ಹಣ ನಿಂತಿದೆ. ಹಣಕ್ಕಿಂತ ಹೆಚ್ಚಾಗಿ, ಮುಂದೆ ಆ ಗಾಡಿಯಲ್ಲಿ ಕೂಡುವ ಹೆಂಡಿರು ಮಕ್ಕಳ ಕ್ಷೇಮವೂ ನಿಂತಿದೆ. ಆದುದರಿಂದ ಆ ಬುರುಡೆಯೊಳಗಣ ವ್ಯವಸ್ಥೆಯನ್ನು ಅವನು ಸ್ವಲ್ಪಮಟ್ಟಿಗಾದರೂ ತಿಳಿದಿರುವುದು ಒಳ್ಳೆಯದು.

ನಮ್ಮ ಎತ್ತಿನ ಗಾಡಿಗೆ ಇಂತಹ ಯಂತ್ರದ ಅಗತ್ಯವಿಲ್ಲ. ಅದರ ಅಚ್ಚು ತಿರುಗುವುದಿಲ್ಲ. ಕೀಲೆಣ್ಣೆ ಬಳಿದ ಅಚ್ಚಿನ ತುದಿಗಳ ಮೇಲೆ ಎರಡು ಚಕ್ರಗಳೂ ತಮ್ಮ ತಮ್ಮ ಪಾಡಿಗೆ ತಿರುಗುವುವು. ಅವು ಕಳಚಿ ಬೀಳದಂತೆ ಕಡೆಗೀಲು ತಡೆಯುವುದು. ಎತ್ತುಗಳು ನೊಗವನ್ನು ಎಳೆಯುವುವೇ ಹೊರತು ಚಕ್ರವನ್ನು ತಿರುಗಿಸುವುದಿಲ್ಲ. ಮೋಟಾರುಗಾಡಿಯಲ್ಲಿ ಹಾಗಲ್ಲ. ಅಲ್ಲಿ ಎಂಜಿನ್ನು ಚಕ್ರವನ್ನೇ ತಿರುಗಿಸಿ ಗಾಡಿಯನ್ನು ನೂಕಬೇಕು. ಆದಕಾರಣ ಚಕ್ರವು ಅಚ್ಚಿಗೆ ಬಿಗಿಯಾಗಿ ಕೂಡಿರಬೇಕು. ಎರಡು ಚಕ್ರಗಳನ್ನೂ ಒಂದೇ ಅಖಂಡ ಅಚ್ಚಿಗೆ ಬಿಗಿದರೆ ನೆಟ್ಟಗಿನ ದಾರಿಯಲ್ಲಿ ಅಡ್ಡಿಯಿಲ್ಲ. ತಿರುವು ಬಂದಾಗ ಮಾತ್ರ ತೊಡಕು. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಸಾಗಬೇಕಾಗುವುದು. ಚಕ್ರಗಳ ನಡುವಣ ಅಂತರವು ಸುಮಾರು ನಾಲ್ಕೂವರೆ ಅಡಿಯೆಂದು ಇಟ್ಟುಕೊಂಡರೆ, ಗಾಡಿಯು ಒಂದು ಪೂರ್ಣ ವೃತ್ತವನ್ನು ಸುತ್ತಿದಾಗ ಹೊರಚಕ್ರವು ಸುಮಾರು 28 ಅಡಿ ಹೆಚ್ಚು ನಡೆಯುವುದು. ವೃತ್ತವು ಅಂಗಳದಷ್ಟು ಚಿಕ್ಕದಾಗಲಿ, ಕೆರೆಯಷ್ಟು ದೊಡ್ಡದಾಗಲಿ, ಈ 28 ಅಡಿ ಬದಲಾಗುವುದಿಲ್ಲ. ಬೀದಿಯ ಮೂಲೆಯಲ್ಲಿ ಒಮ್ಮೆ ಹೊರಳಿದರೆ ಏಳು ಅಡಿಯ ವ್ಯತ್ಯಾಸ. ಈ ವ್ಯತ್ಯಾಸಕ್ಕೆ ಎಡೆಗೊಡದಿದ್ದರೆ ಒಂದು ಚಕ್ರವು ನೆಲದ ಮೇಲೆ ಉಜ್ಜಿಕೊಂಡು ಎಳೆಯಲ್ಪಡುವುದು, ಟೈರು ಸವೆಯುವುದು, ಅಚ್ಚು ತಿರುಚಿಕೊಳ್ಳುವುದು.

ಇದಕ್ಕೆ ಪರಿಹಾರವು ಮೋಟಾರುಗಾಡಿಗಿಂತಲೂ ಹಳೆಯದು. ಪ್ಯಾರಿಸ್ಸಿನ ಗಡಿಯಾರದ ಕುಶಲಿ ಒನೆಸಿಫೋರ್ ಪೆಕ್ಕರನು 1827-28ರ ಸುಮಾರಿನಲ್ಲಿ ಹಬೆಯ ಬಂಡಿಗಾಗಿ ಇದಕ್ಕೆ ಹಕ್ಕುಪತ್ರ ಪಡೆದನು. ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿಯು 1877ರಲ್ಲಿ ತುಳಿಯುವ ಮೂರುಗಾಲಿಯ ಬಂಡಿಗೆ ಇದನ್ನು ಅಳವಡಿಸಿದನು. ಅಚ್ಚನ್ನು ನಡುವೆ ಎರಡು ತುಂಡು ಮಾಡಿ, ಆ ತುಂಡುಗಳ ಒಳತುದಿಗಳಿಗೆ ಒಂದೊಂದು ಹಲ್ಲುಚಕ್ರವನ್ನು ಕೂಡಿಸಿ, ಅವೆರಡರ ನಡುವೆ ಪುಟ್ಟ ಹಲ್ಲುಚಕ್ರಗಳನ್ನು ಸಿಕ್ಕಿಸುವುದೇ ಇದರ ಯುಕ್ತಿ. ನೆಟ್ಟಗೆ ಹೋಗುವಾಗ ಆ ಪುಟ್ಟ ಚಕ್ರಗಳು ತಮ್ಮಷ್ಟಕ್ಕೆ ತಿರುಗದೆ ಎರಡು ತುಂಡುಗಳನ್ನೂ ಸಮನಾಗಿ ಒಯ್ಯುವುವು. ತಿರುವಿನಲ್ಲಿ ತಾವೂ ತಿರುಗಿ, ಒಳಗಿನ ಚಕ್ರದಿಂದ ಕಳೆದಷ್ಟನ್ನು ಹೊರಗಿನದಕ್ಕೆ ಕೂಡಿಸಿಕೊಡುವುವು. ಈ ಸಮೂಹವೆಲ್ಲವೂ ‘ಕ್ರೌನು’ ಎಂಬ ಅಗಲವಾದ ಹಲ್ಲುಚಕ್ರಕ್ಕೆ ಬಿಗಿದಿರುವುದು. ಎಂಜಿನ್ನಿನಿಂದ ಬಂದ ಉದ್ದನೆಯ ದಂಡದ ತುದಿಯ ‘ಪಿನಿಯನ್ನು’ ಎಂಬ ಚಿಕ್ಕ ಚಕ್ರವು ಕ್ರೌನನ್ನು ತಿರುಗಿಸುವುದು.

ಆಲೆಮನೆಯನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಕಬ್ಬಿನ ಗಾಣದಲ್ಲಿಯೂ ಚಿಕ್ಕ ಹಲ್ಲುಚಕ್ರವು ದೊಡ್ಡದನ್ನು ತಿರುಗಿಸಿ, ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವುದು. ಗಾಣದ ಉರುಳೆಗಳ ನಡುವೆ ಕಬ್ಬಿನೊಡನೆ ಕಬ್ಬಿಣದ ಚೂರು ಸಿಕ್ಕಿಕೊಂಡರೆ ಏನಾಗುವುದೆಂದು ರೈತನನ್ನು ಕೇಳಬೇಕಾಗಿಲ್ಲ. ಎಲ್ಲಿ ಹಲ್ಲು ಬಲಹೀನವೋ ಅಲ್ಲಿ ಮುರಿಯುವುದು. ಗಾಣದ ಹಲ್ಲು ಎಲ್ಲರ ಕಣ್ಣಿಗೂ ಕಾಣುವುದರಿಂದ ಅದಕ್ಕೆ ಆರೈಕೆಯುಂಟು. ಗಾಡಿಯ ಹಲ್ಲು ಕವಚದೊಳಗೆ ಮುಚ್ಚಿರುವುದರಿಂದ ಅದಕ್ಕೆ ಆ ಭಾಗ್ಯವಿಲ್ಲ.

ಈ ಯಂತ್ರದ ಗುಣವೇ ಒಂದು ಸಂದರ್ಭದಲ್ಲಿ ದೋಷವಾಗುವುದು. ನಾಲೆಯ ಬಯಲಿನ ಕೆಸರು ದಾರಿಯಲ್ಲಿ ಗಾಡಿಯ ಒಂದು ಹಿಂಗಾಲಿ ಹೂತಿತೆನ್ನೋಣ. ಗಟ್ಟಿ ನೆಲದ ಮೇಲಿರುವ ಚಕ್ರವು ಸುಮ್ಮನೆ ನಿಲ್ಲುವುದು; ಕೆಸರಿನಲ್ಲಿರುವ ಚಕ್ರವು ಕ್ರೌನಿನ ವೇಗಕ್ಕೆ ಎರಡರಷ್ಟು ವೇಗದಿಂದ ಸುತ್ತುವುದು. ಸಾರಥಿಯು ಆತುರದಿಂದ ಎಂಜಿನ್ನನ್ನು ಕೂಗಿಸಿದಂತೆಲ್ಲ ಒಳಗಿನ ಪುಟ್ಟ ಚಕ್ರಗಳು ತಮ್ಮ ಕಂಬಿಯ ಮೇಲೆ ಭರದಿಂದ ತಿರುಗಿ ಕಾಯುವುವು. ಅವುಗಳ ಹಿಂದಣ ತೆಳುಬಿಲ್ಲೆಗಳು ಸವೆಯುವುವು. ಆಗ ಸುತ್ತುತ್ತಿರುವ ಚಕ್ರಕ್ಕೆ ಫಕ್ಕನೆ ಕಲ್ಲಿನ ಹಿಡಿತ ದೊರೆತರೆ, ಆ ಏಟು ನೇರವಾಗಿ ಹಲ್ಲಿಗೆ ತಗಲುವುದು. ಹೂತ ಗಾಡಿಯನ್ನು ಎಂಜಿನ್ನಿನ ಬಲದಿಂದ ಎತ್ತಲು ಹೊರಡುವುದಕ್ಕಿಂತ, ಚಕ್ರದ ಕೆಳಗೆ ಕಬ್ಬಿನ ಸಿಪ್ಪೆಯನ್ನೋ ಹಲಗೆಯನ್ನೋ ಹಾಕಿ, ಎರಡು ಆಳುಗಳಿಂದ ನೂಕಿಸುವುದು ಲೇಸು.

ಇನ್ನು ಪರೀಕ್ಷೆಯ ಮಾತು. ಹಿಂದಿನ ಅಚ್ಚು ಮುರಿಯುವುದಕ್ಕೆ ಮುಂಚೆ ಬಹುಮಟ್ಟಿಗೆ ಮುನ್ಸೂಚನೆ ಕೊಡುವುದು. ಗಾಡಿಯನ್ನು ಎಳೆಯುವಾಗಲಾಗಲಿ, ಕಾಲು ತೆಗೆದು ಹರಿಯಬಿಟ್ಟಾಗಲಾಗಲಿ ಸಣ್ಣಗೆ ಕೊರಗುವ ಧ್ವನಿ ಬಂದರೆ ಕ್ರೌನು-ಪಿನಿಯನ್ನುಗಳ ಹೊಂದಿಕೆ ಕೆಟ್ಟಿರಬಹುದು. ಯಾವಾಗಲೂ ಒಂದೇ ಸಮನೆ ಗುರುಗುಟ್ಟಿದರೆ ಬೇರಿಂಗಿನ ಮೇಲೆ ಸಂಶಯಪಡಬೇಕು. ತಿರುವುಗಳಲ್ಲಿ ಮಾತ್ರ ಶಬ್ದವಾದರೆ ಒಳಗಿನ ಪುಟ್ಟ ಚಕ್ರಗಳನ್ನು ನೋಡತಕ್ಕದ್ದು. ವೇಗಕ್ಕೆ ತಕ್ಕಂತೆ ತಾಳ ಹಿಡಿದು ‘ಟಕ್ ಟಕ್’ ಎಂದರೆ ಒಂದು ಹಲ್ಲು ಮುರಿದಿದೆಯೆಂದೇ ಭಾವಿಸಿ ಅಲ್ಲಿಯೇ ನಿಲ್ಲಿಸಬೇಕು. ಏಕೆಂದರೆ ಉದುರಿದ ತುಂಡು ಮಿಕ್ಕ ಹಲ್ಲುಗಳ ನಡುವೆ ಸಿಕ್ಕಿಕೊಂಡರೆ ಹಿಂಗಾಲಿಗಳು ಓಟದಲ್ಲಿಯೇ ಬಿಗಿದುಕೊಳ್ಳಬಹುದು. ಎದುರಿನಿಂದ ಕಬ್ಬಿನ ಟ್ರಾಕ್ಟರು ಬರುತ್ತಿರುವ ದಾರಿಯಲ್ಲಿ ಹಾಗಾದರೆ ಫಲವೇನೆಂಬುದನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ. ‘ಮನೆ ಸೇರಿದರೆ ಸಾಕು’ ಎಂಬ ಆಸೆ ಆ ಹೊತ್ತಿಗೆ ತಕ್ಕುದಲ್ಲ.

ಗಾಡಿ ಸಾಗದೆ ನಿಂತಾಗ, ಡಿಫರೆನ್ಷಿಯಲ್ಲೇ ಮುರಿಯಿತೆಂದು ಒಡನೆ ತೀರ್ಮಾನಿಸಲೂಬಾರದು. ಎರಡು ತುಂಡು ಅಚ್ಚುಗಳಲ್ಲಿ ಒಂದು ತುಂಡಾದರೂ ಗಾಡಿ ನಿಲ್ಲುವುದು. ಅದರ ದುರಸ್ತಿಯ ಖರ್ಚು ಬಹಳ ಕಡಮೆ. ಇವೆರಡನ್ನೂ ಬೇರ್ಪಡಿಸಿ ನೋಡುವ ಬಗೆ ಸುಲಭವಾಗಿದೆ. ಸಮನೆಲದಲ್ಲಿ ಮುಂಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂದುಗಡೆಯನ್ನು ಎತ್ತಿ, ಅಚ್ಚಿನ ಕವಚದ ಕೆಳಗೆ ಭದ್ರವಾದ ಆಧಾರಗಳನ್ನಿಡಬೇಕು. ಬರಿಯ ಜಾಕಿಯನ್ನು ನಂಬಿ ಯಾರೂ ಗಾಡಿಯ ಕೆಳಗೆ ತಲೆಯಿಕ್ಕಕೂಡದು. ಎಂಜಿನ್ನನ್ನು ಆರಿಸಿ, ಬೀಗದಕೈಯನ್ನು ಜೇಬಿನಲ್ಲಿಟ್ಟುಕೊಂಡು, ಕೈಬ್ರೇಕನ್ನು ಸಡಿಲಿಸಿ, ಗೇರು ಹಾಕಿ, ಒಂದು ಹಿಂಗಾಲಿಯನ್ನು ಕೈಯಿಂದ ತಿರುಗಿಸಬೇಕು. ಇನ್ನೊಂದು ಗಾಲಿಯು ಎದುರುದಿಕ್ಕಿಗೆ ತಿರುಗಿದರೆ ಎರಡು ಅಚ್ಚುಗಳೂ ಪುಟ್ಟ ಚಕ್ರಗಳೂ ಕೂಡಿಕೊಂಡಿವೆಯೆಂದು ತಿಳಿಯಬಹುದು. ಇನ್ನೊಂದು ಕದಲದೆ ಇದು ಮಾತ್ರ ಸಲೀಸಾಗಿ ತಿರುಗಿದರೆ ಅಚ್ಚು ತುಂಡಾಗಿರುವುದೇ ಹೆಚ್ಚು ಸಂಭವ. ಕರಕರ ಶಬ್ದವಾಗಿ ನಡುವೆ ತಡೆದು ನಿಂತರೆ ಬುರುಡೆಯನ್ನು ಬಿಚ್ಚದೆ ಗತ್ಯಂತರವಿಲ್ಲ.

ಬಿಚ್ಚುವಾಗ ಮೊದಲು ಹೊರಬರುವುದು ಎಣ್ಣೆ. ಅದನ್ನು ಚರಂಡಿಗೆ ಚೆಲ್ಲದೆ ಶುಭ್ರವಾದ ಬೋಗುಣಿಯಲ್ಲಿ ಹಿಡಿದು ಯಜಮಾನನು ತಾನೇ ನೋಡಬೇಕು. ಮುರಿದ ಕಾರಣವು ಅದರಲ್ಲಿಯೇ ಬರೆದಿರುವುದುಂಟು. ಎಣ್ಣೆಯು ಅಳತೆಗಿಂತ ಬಹಳ ಕಡಮೆಯಿದ್ದರೆ ಎಲ್ಲಿಯೋ ಸೋರಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬೆಳ್ಳಿಯ ಪುಡಿಯಂತೆ ಮಿನುಗಿದರೆ ಹಲ್ಲುಗಳೂ ಬೇರಿಂಗುಗಳೂ ಬಹುದಿನದಿಂದ ಸವೆಯುತ್ತಿವೆ. ಅಂಬಾಸಿಡರಿನಂತಹ ಗಾಡಿಗಳಲ್ಲಿ ಪಿನಿಯನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂತಿರುವುದು. ‘ಹೈಪಾಯ್ಡ್’ ಎಂಬ ಈ ಜೋಡಣೆಯಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ ಜಾರಲೂ ಜಾರುವುವು. ಆಗ ಅವುಗಳ ನಡುವಣ ಒತ್ತಡಕ್ಕೆ ಸಾಧಾರಣ ಎಂಜಿನ್ನಿನ ಎಣ್ಣೆಯ ಪದರ ಹರಿದುಹೋಗುವುದು. ಡಬ್ಬಿಯ ಮೇಲೆ ‘ಹೈಪಾಯ್ಡ್’ ಎಂದು ಸ್ಪಷ್ಟವಾಗಿ ಬರೆದಿರುವ, ಗಾಡಿಯ ಕೈಪಿಡಿಯಲ್ಲಿ ಹೇಳಿರುವ ತರಗತಿಯ ಎಣ್ಣೆಯನ್ನೇ ಹಾಕಬೇಕೆಂಬುದು ಇದರಿಂದಲೇ. ಮನೆಯಲ್ಲಿ ಉಳಿದಿದ್ದ ಎಣ್ಣೆಯನ್ನು ಸುರಿದು ನಾಲ್ಕು ಕಾಸು ಉಳಿಸಿದವರು ಕ್ರೌನಿಗೆ ನಾನೂರು ಕಾಸು ತೆತ್ತಿದ್ದಾರೆ.

ಸೋರಿಕೆಗೂ ಒಂದು ಗುಟ್ಟಾದ ಕಾರಣವುಂಟು. ಅಚ್ಚಿನ ಕವಚದ ಮೇಲೆ ಉಸಿರಾಟಕ್ಕೆಂದು ಒಂದು ಸಣ್ಣ ರಂಧ್ರವಿರುವುದು. ಅದು ಕೆಸರಿನಿಂದ ಕಟ್ಟಿಕೊಂಡರೆ ಒಳಗಿನ ಕಾದ ಗಾಳಿಗೆ ದಾರಿಯಿಲ್ಲದೆ, ಅದು ಎಣ್ಣೆಯನ್ನು ಮುದ್ರೆಗಳ ಮೂಲಕ ಹೊರಕ್ಕೆ ದೂಡುವುದು. ಆ ಎಣ್ಣೆ ಹಿಂಗಾಲಿಗಳ ಬ್ರೇಕಿನ ಪಟ್ಟಿಗಳಿಗೆ ಸೇರುವುದು. ಹೀಗೆ ಕಡ್ಡಿಯಿಂದ ಚುಚ್ಚಿ ಬಿಡಿಸಬಹುದಾಗಿದ್ದ ಕೆಸರು, ಒಂದು ಕಡೆ ಹಲ್ಲನ್ನು ಒಣಗಿಸಿ ಇನ್ನೊಂದು ಕಡೆ ಬ್ರೇಕನ್ನು ನಿರರ್ಥಕಗೊಳಿಸುವುದು. ಹಳೆಯ ರಸ್ತೆಯಲ್ಲಿ ಊರೂರಿಗೂ ನಿಧಾನಿಸಿ, ಮದ್ದೂರಿನಲ್ಲಿ ಅರ್ಧ ಗಂಟೆ ನಿಂತು ಸಾಗುತ್ತಿದ್ದ ಗಾಡಿಗಳ ಅಚ್ಚಿಗೂ ಅಷ್ಟು ವಿಶ್ರಾಂತಿ ದೊರೆಯುತ್ತಿತ್ತು. 2023ರ ಮಾರ್ಚಿ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿತವಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯು ಊರುಗಳನ್ನು ಬದಿಗಿಟ್ಟು ಹೋಗುವುದು. ಅಲ್ಲಿ ಹಳೆಯ ಗಾಡಿಯನ್ನು ಒಂದೇ ಬಿರುಸಿನಲ್ಲಿ ಓಡಿಸುವವರು ಅಚ್ಚಿನ ಎಣ್ಣೆಯ ಮಟ್ಟವನ್ನು ಮೊದಲಿಗಿಂತ ಹೆಚ್ಚಾಗಿ ಗಮನಿಸತಕ್ಕದ್ದು.

ಕಾರಣವು ತಿಳಿದ ಮೇಲೆ ದುರಸ್ತಿಗೆ ಬರೋಣ. ಮುರಿದ ಹಲ್ಲಿಗೆ ಬೆಸುಗೆ ಹಾಕಿಸುವ ಸಲಹೆಯನ್ನು ವಾಚಕರು ಒಪ್ಪಬಾರದು. ಹಲ್ಲಿನ ಹೊರಮೈಯನ್ನು ಕಾಯಿಸಿ ಹದಗೊಳಿಸಿ ಗಟ್ಟಿ ಮಾಡಿರುತ್ತಾರೆ. ಬೆಸುಗೆಯ ಬೆಂಕಿಯಿಂದ ಆ ಹದ ಕೆಡುವುದು. ಬೆಸೆದ ಹಲ್ಲು ಭಾರ ಬಿದ್ದಾಗ ಮತ್ತೆ ಮುರಿಯುವುದು. ಒಳಗಿನ ಪುಟ್ಟ ಚಕ್ರಗಳನ್ನೇ ಬೆಸೆದು ಒಂದಾಗಿಸಿದರಂತೂ ಗಾಡಿಯು ಸಾಗುವುದೇನೋ ನಿಜ. ಆದರೆ ಪ್ರತಿ ಮೂಲೆಯಲ್ಲಿಯೂ ನಾವು ಮೇಲೆ ಲೆಕ್ಕ ಹಾಕಿದ ಏಳು ಅಡಿಗಳನ್ನು ಟೈರು ಉಜ್ಜಿ ತೀರಿಸಬೇಕಾಗುವುದು. ಮಳೆಯ ದಾರಿಯಲ್ಲಿ ಗಾಡಿ ಹಿಡಿತ ತಪ್ಪುವುದು.

ಎರಡನೆಯದಾಗಿ, ಕ್ರೌನನ್ನೂ ಪಿನಿಯನ್ನನ್ನೂ ಬೇರೆಬೇರೆಯಾಗಿ ಕೊಳ್ಳಕೂಡದು. ಕಾರ್ಖಾನೆಯಲ್ಲಿ ಅವೆರಡನ್ನೂ ಒಂದರೊಡನೊಂದು ತಿರುಗಿಸಿ, ಉಜ್ಜಿ, ಹೊಂದಿಸಿ, ಒಂದೇ ಗುರುತನ್ನು ಹಾಕಿರುತ್ತಾರೆ. ಒಂದರ ಹಲ್ಲು ಮಾತ್ರ ಮುರಿದಿದ್ದರೂ ಎರಡನ್ನೂ ಬದಲಾಯಿಸಬೇಕು. ಅಂಬಾಸಿಡರಿನ ತಯಾರಿಕೆಯು ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತುಹೋಯಿತು. ಫಿಯಟ್ಟಿನ ಸಂತತಿಯಾದ ಪದ್ಮಿನಿಯ ತಯಾರಿಕೆಯು ಅದಕ್ಕೂ ಬಹಳ ಮುಂಚೆಯೇ ನಿಂತಿತ್ತು. ಆದಕಾರಣ ಎಷ್ಟೋ ವೇಳೆ ಹಳೆಯ ಗಾಡಿಯಿಂದ ತೆಗೆದ ಇಡಿಯ ಸಮೂಹವನ್ನೇ ಕೊಳ್ಳಬೇಕಾಗಬಹುದು. ಆಗ ಅದರ ಹಲ್ಲುಗಳ ಪ್ರಮಾಣವು ನಮ್ಮದಕ್ಕೆ ಸರಿಯಾಗಿದೆಯೇ ಎಂದು ನೋಡಬೇಕು. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39 ಹಲ್ಲು ಇದ್ದರೆ, ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ದಂಡವು ಐದಕ್ಕೆ ತುಸು ಕಡಮೆ ಸುತ್ತು ಬರುವುದು. ಎರಡೂ ಚಕ್ರಗಳ ಹಲ್ಲುಗಳನ್ನು ಸೀಮೆಸುಣ್ಣದ ಗುರುತಿಟ್ಟು ಎಣಿಸಿ ಭಾಗಿಸಿದರೆ ಯಾರ ಮಾತನ್ನೂ ನಂಬಬೇಕಾಗಿಲ್ಲ. ಪ್ರಮಾಣವು ಬೇರೆಯಾದರೆ ಗಾಡಿಯ ಎಳೆತ ಬೇರೆಯಾಗುವುದಲ್ಲದೆ ವೇಗದ ಮುಳ್ಳೂ ಸುಳ್ಳು ಹೇಳುವುದು.

ಕೆಲಸವನ್ನು ಮಾಡುವವನು ಕುಶಲಿಯೇ ಆಗಿರಬೇಕು. ಆದರೆ ಅವನು ಮಾಡುವುದು ಸರಿಯೇ ಎಂದು ಅರಿಯುವಷ್ಟು ತಿಳಿವಳಿಕೆ ಗೃಹಸ್ಥನಿಗೆ ಇರಬಹುದು. ಅಂಬಾಸಿಡರಿನಲ್ಲಿ ತುಂಡು ಅಚ್ಚುಗಳನ್ನು ಹೊರಕ್ಕೆಳೆದು, ಉದ್ದನೆಯ ದಂಡವನ್ನು ಬಿಚ್ಚಿ, ಕವಚವನ್ನು ಗಾಡಿಯಿಂದ ಇಳಿಸದೆಯೇ ಇಡಿಯ ಸಮೂಹವನ್ನು ಮುಂದುಗಡೆಯಿಂದ ತೆಗೆಯಬಹುದು. ಬೇರಿಂಗುಗಳ ಮೇಲಣ ಮುಚ್ಚಳಗಳನ್ನು ಬಿಚ್ಚುವ ಮೊದಲು ಎಡಬಲಗಳ ಗುರುತು ಮಾಡಿಕೊಳ್ಳಬೇಕು; ಅವು ಒಂದರ ಸ್ಥಾನದಲ್ಲಿ ಇನ್ನೊಂದು ಕೂಡುವುದಿಲ್ಲ. ಮುರಿದ ಚೂರುಗಳನ್ನೆಲ್ಲ ಒಂದು ಬಟ್ಟೆಯ ಮೇಲೆ ಹರಡಿ, ಹಲ್ಲಿನ ಆಕಾರ ಪೂರ್ತಿಯಾಗುವವರೆಗೂ ಕೂಡಿಸಿ ನೋಡಬೇಕು. ಒಂದು ಚೂರು ಕಡಮೆಯಾದರೂ ಅದು ಕವಚದೊಳಗೇ ಇದೆಯೆಂದು ತಿಳಿದು, ಅಯಸ್ಕಾಂತದಿಂದ ಹುಡುಕಿ, ಸೀಮೆಎಣ್ಣೆಯಿಂದ ಕೊಳವೆಗಳ ಕೊನೆಯವರೆಗೂ ತೊಳೆಯಬೇಕು. ಆ ಒಂದು ಚೂರು ಹೊಸ ಕ್ರೌನನ್ನು ಮೊದಲ ದಿನವೇ ಕೊಲ್ಲಬಲ್ಲದು.

ಆಮೇಲಿನ ಕೆಲಸವೇ ಈ ವಿದ್ಯೆಯ ಸಾರ. ಪಿನಿಯನ್ನು ಕ್ರೌನಿನೊಳಕ್ಕೆ ಎಷ್ಟು ಚಾಚಿರಬೇಕೆಂಬುದನ್ನು ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಹಾಕಿ ತೆಗೆದು ಗೊತ್ತುಮಾಡುವರು. ಹಲ್ಲುಹಲ್ಲುಗಳ ನಡುವೆ ಅಂಗುಲದ ಸಾವಿರದಲ್ಲಿ ಕೆಲವೇ ಭಾಗಗಳಷ್ಟು, ಅಂದರೆ ಎರಡು ಮೂರು ತಲೆಗೂದಲಿನ ದಪ್ಪದಷ್ಟು, ಸಡಿಲವಿರಬೇಕು. ನಿಖರವಾದ ಅಳತೆಯನ್ನು ಕೈಪಿಡಿಯಲ್ಲಿ ನೋಡಬೇಕು. ಕೆಲವು ಕ್ರೌನುಗಳ ಮೇಲೆಯೇ ಅದನ್ನು ಕೊರೆದಿರುವುದೂ ಉಂಟು. ಸಡಿಲವು ಹೆಚ್ಚಾದರೆ ಹಲ್ಲು ಏಟು ತಿನ್ನುವುದು. ಇಲ್ಲವೇ ಇಲ್ಲದಿದ್ದರೆ ಕಾದು ಸೀಯುವುದು. ಬಳಿಕ ಕ್ರೌನಿನ ಕೆಲವು ಹಲ್ಲುಗಳಿಗೆ ಗುರುತಿನ ಬಣ್ಣವನ್ನು ತೆಳುವಾಗಿ ಬಳಿದು, ಭಾರ ಕೊಟ್ಟು ಕೈಯಿಂದ ತಿರುಗಿಸಿದರೆ, ಪಿನಿಯನ್ನು ಉಜ್ಜಿದ ಕಡೆ ಬಣ್ಣ ಅಳಿಸಿ ಒಂದು ಅಚ್ಚೊತ್ತುವುದು. ಆ ಗುರುತು ಹಲ್ಲಿನ ನಡುವೆ ಬೀಳಬೇಕು. ಹಲ್ಲಿನ ತುದಿಯ ಮೇಲೆ ಬಿದ್ದರೆ ಪಿನಿಯನ್ನನ್ನು ಒಳಕ್ಕೆ, ಬುಡದಲ್ಲಿ ಬಿದ್ದರೆ ಹೊರಕ್ಕೆ ಸರಿಸಬೇಕು. ಕ್ರೌನಿನ ಒಳಅಂಚಿನ ಕಡೆಗೆ ಬಿದ್ದರೆ ಕ್ರೌನನ್ನು ಪಿನಿಯನ್ನಿನಿಂದ ದೂರಕ್ಕೆ, ಹೊರಅಂಚಿನ ಕಡೆಗೆ ಬಿದ್ದರೆ ಹತ್ತಿರಕ್ಕೆ ತರಬೇಕು. ಒಂದನ್ನು ಸರಿಸಿದರೆ ಇನ್ನೊಂದು ಕೆಡುವುದರಿಂದ, ಬಿಚ್ಚಿ ಜೋಡಿಸಿ, ಮತ್ತೆ ಬಣ್ಣ ಬಳಿದು, ಮತ್ತೆ ತಿರುಗಿಸಿ ನೋಡಬೇಕಾಗುವುದು. ಒಳ್ಳೆಯ ಕುಶಲಿಗೂ ಇದಕ್ಕೆ ಒಂದು ಹಗಲು ಹಿಡಿಯಬಹುದು.

ಇಲ್ಲಿಯೇ ನಮ್ಮ ಗೃಹಸ್ಥರು ಎಡವುವುದುಂಟು. ಸಾಮಾನಿಗೆ ಸಾವಿರಾರು ರೂಪಾಯಿ ಎಣಿಸಿಕೊಡುವವರು ಕೂಲಿಯಲ್ಲಿ ಚೌಕಾಸಿ ಮಾಡುವರು. ‘ಸಂಜೆಯೊಳಗೆ ಗಾಡಿ ಬೇಕು’ ಎಂದು ಅವಸರಪಡಿಸುವರು. ಕುಶಲಿಯೂ ಬಣ್ಣದ ಪರೀಕ್ಷೆಯನ್ನು ಬಿಟ್ಟು, ಹಳೆಯ ಬಿಲ್ಲೆಗಳನ್ನೇ ಹಾಕಿ ಬಿಗಿದು ಕೊಡುವನು. ಗಾಡಿ ಅಂದು ಓಡುವುದು, ಕೆಲವು ತಿಂಗಳಿಗೆ ಕೊರಗತೊಡಗುವುದು, ಬಳಿಕ ಮುರಿಯುವುದು. ಆಗ ‘ಸಾಮಾನು ಖೋಟಾ’ ಎಂಬ ಮಾತು ಹುಟ್ಟುವುದು. ಮಂಡ್ಯದ ಗಲ್ಲಿಗಳಲ್ಲಿಯೂ ಮಳವಳ್ಳಿಯ ಪೇಟೆಯಲ್ಲಿಯೂ ಹಳೆಯ ಗಾಡಿಗಳ ಕೈಚಳಕವನ್ನು ಬಲ್ಲ ವಯಸ್ಸಾದ ಕೆಲಸಗಾರರನ್ನು ಹುಡುಕಿದರೆ ಇನ್ನೂ ಕಾಣಬಹುದು. ಅವರ ಬಳಿ ಕಲಿಯುವ ಹುಡುಗರು ಕಡಮೆ. ಏಕೆಂದರೆ ಒಂದು ದಿನದ ತಾಳ್ಮೆಗೆ ಒಂದು ದಿನದ ಕೂಲಿಯನ್ನು ಕೊಡುವವರು ಕಡಮೆ. ಪಿನಿಯನ್ನು ಇಂದಲ್ಲ ನಾಳೆ ಎಲ್ಲಿಯಾದರೂ ದೊರೆಯುವುದು. ಅದನ್ನು ಕೂಡಿಸಬಲ್ಲ ಕೈ ಒಮ್ಮೆ ಹೋದರೆ ಯಾವ ಅಂಗಡಿಯಲ್ಲಿಯೂ ದೊರೆಯದು. ಆದುದರಿಂದ ‘ಎಷ್ಟು ಹೊತ್ತಾದರೂ ಆಗಲಿ, ಬಣ್ಣದ ಗುರುತನ್ನು ನನಗೆ ತೋರಿಸಿ ಮುಚ್ಚಿ’ ಎಂದು ಹೇಳಿ, ಅದಕ್ಕೆ ತಕ್ಕ ಕೂಲಿಯನ್ನು ಮೊದಲೇ ಒಪ್ಪಿಕೊಳ್ಳುವುದು ಜಾಣತನ. ಅದೇ ನ್ಯಾಯವೂ ಹೌದು.

ಮುಚ್ಚುವಾಗ ಹೊಸ ಮುದ್ರೆಗಳನ್ನೂ ಹೊಸ ಬೀಗಬಿಲ್ಲೆಗಳನ್ನೂ ಹಾಕಿಸಬೇಕು, ಉಸಿರುರಂಧ್ರವನ್ನು ಬಿಡಿಸಬೇಕು, ಬ್ರೇಕಿನ ಪಟ್ಟಿಗಳಿಗೆ ಎಣ್ಣೆ ತಗಲಿದ್ದರೆ ಅವನ್ನೂ ಬದಲಾಯಿಸಬೇಕು. ಗಾಡಿ ಸಮನೆಲದಲ್ಲಿ ನಿಂತಿರುವಾಗ ಮಟ್ಟದ ತೂತಿನವರೆಗೆ ಎಣ್ಣೆ ತುಂಬಬೇಕೇ ಹೊರತು ಅದಕ್ಕೆ ಮೀರಿ ತುಂಬಕೂಡದು. ಮೊದಲ ಹತ್ತು ಹದಿನೈದು ಕಿಲೋಮೀಟರುಗಳನ್ನು ಮೆಲ್ಲನೆ ಓಡಿಸಿ, ನಿಲ್ಲಿಸಿ, ಬುರುಡೆಯ ಬಳಿ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಸೋಕಿಸಲಾರದಷ್ಟು ಕಾದಿದ್ದರೆ ಕುಶಲಿಯ ಬಳಿಗೆ ಹಿಂದಿರುಗಬೇಕು. ಮೊದಲ ಕೆಲವು ನೂರು ಕಿಲೋಮೀಟರು ಹೆಚ್ಚು ಭಾರವನ್ನಾಗಲಿ ಹೆಚ್ಚು ವೇಗವನ್ನಾಗಲಿ ಹೊರಿಸದೆ, ಅನಂತರ ಎಣ್ಣೆಯನ್ನು ಒಮ್ಮೆ ಬದಲಾಯಿಸಿದರೆ ಮುಂದೆ ಬಹುಕಾಲ ಚಿಂತೆಯಿರದು.

‘ಇಷ್ಟೆಲ್ಲ ಮಾಡುವುದಕ್ಕಿಂತ ಗಾಡಿಯನ್ನು ಗುಜರಿಗೆ ಹಾಕಿದರಾಗದೆ?’ ಎಂದು ಕೆಲವರು ಕೇಳಬಹುದು. ಕವಚವೇ ಸೀಳಿದ್ದರೆ, ಗಾಡಿಯ ತಳ ತುಕ್ಕು ತಿಂದಿದ್ದರೆ, ಆ ಮಾತಿನಲ್ಲಿ ಅರ್ಥವಿದೆ. ಗಾಡಿಯ ಮೈ ಗಟ್ಟಿಯಾಗಿದ್ದು ಅಚ್ಚೊಂದೇ ಕೆಟ್ಟಿದ್ದರೆ ದುರಸ್ತಿಯೇ ಲೇಸೆಂದು ನಮ್ಮ ಅಭಿಪ್ರಾಯ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ, ಗಾಡಿ ಸುಸ್ಥಿತಿಯಲ್ಲಿದೆಯೆಂದು ತೋರಿಸಿ, ಹೊಸದು ಮಾಡಿಸಿಕೊಳ್ಳಬೇಕೆಂಬುದನ್ನು ಮಾತ್ರ ಮರೆಯಬಾರದು. ಐವತ್ತು ವರ್ಷ ಮೀರಿದ ಗಾಡಿಗಳಿಗೆ 2021ರಲ್ಲಿ ‘ವಿಂಟೇಜ್’ ಎಂಬ ಬೇರೆ ನೋಂದಣಿ ಏರ್ಪಟ್ಟಿದೆ. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಊರೂರು ಸುತ್ತುವವರು ಇದನ್ನು ಯೋಚಿಸಿ ಮುಂದುವರಿಯಬೇಕು.

ಈ ತಿಂಗಳು ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ. ಮನೆಯಲ್ಲಿ ಹಳೆಯ ಗಾಡಿಯಿದ್ದರೆ, ಬರುವ ಭಾನುವಾರ ಅದರ ಅಚ್ಚಿನ ಎಣ್ಣೆಯ ಮಟ್ಟವನ್ನು ನೋಡಿಸಿರಿ. ಹಿಂಗಾಲಿಗಳ ಒಳಬದಿಯಲ್ಲಿ ಎಣ್ಣೆಯ ಪಸೆಯುಂಟೆ ಎಂದು ಸವರಿ ನೋಡಿರಿ. ಉಸಿರುರಂಧ್ರದ ಕೆಸರನ್ನು ಒರಸಿರಿ. ಇದಕ್ಕೆ ಕಾಲು ಗಂಟೆಗಿಂತ ಹೆಚ್ಚು ಹಿಡಿಯದು.